ಸೊನ್ನೆ ದ್ವೀಪದ ಚುಕ್ಕೆ

ಯಾವ ದೇಶದ ಜನ ಯಾವ ಸಾಮಾಜಿಕ ಜಾಲತಾಣಕ್ಕೆ ಹೆಚ್ಚು ಅಂಟಿಕೊಂಡಿದ್ದಾರೆ ಎಂದು ಲೆಕ್ಕ ಹಾಕಿ, ಭೂಪಟದಲ್ಲಿ ಆ ದೇಶಕ್ಕೆ ಆ ತಾಣದ ಬಣ್ಣ ತುಂಬುವುದು ನನ್ನ ಕೆಲಸ. ಹೇಳಿದರೆ ಯಾರೂ ನಂಬುವುದಿಲ್ಲ. ‘ಇದಕ್ಕೂ ಸಂಬಳ ಕೊಡ್ತಾರಾ?’ ಎಂದು ಚೆನ್ನೈನ ನಮ್ಮ ವೆಸ್ಟ್ ಮಾಂಬಲಂ ಬೀದಿಯ ಮಾಮಿಯರು ಕೇಳುತ್ತಾರೆ. ಕೊಡುತ್ತಾರೆ, ತಿಂಗಳ ಕೊನೆಗೆ ತಪ್ಪದೆ ಕೊಡುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಭೂಪಟ ಹೋಳಿಯಾಡಿದ ಹಾಗಿತ್ತು. ದೇಶಕ್ಕೊಂದು ತಾಣ, ತಾಣಕ್ಕೊಂದು ಬಣ್ಣ. ವರ್ಷ ಕಳೆದಂತೆ ಚಿಕ್ಕ ತಾಣಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಮೂರು ನಾಲ್ಕು ಬಣ್ಣ ಉಳಿದಿವೆ, ಲೋಕವೆಲ್ಲ ಅವನ್ನೇ ಹಂಚಿಕೊಂಡಿದೆ.

ನಾನು ಸ್ವಲ್ಪ ಜಗಳಗಂಟಿ. ಆಧಾರವಿಲ್ಲದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಚೇರಿಯಲ್ಲಿ ಈ ಗುಣಕ್ಕೆ ಬೆಲೆಯಿದೆ, ಏಕೆಂದರೆ ಬರುವ ಲೆಕ್ಕದಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರಿ ತೆಗೆಯುವವಳು ನಾನೇ. ಮನೆಯಲ್ಲಿ ಮಾತ್ರ ಈ ಗುಣದಿಂದಾಗಿ ಆರು ತಿಂಗಳಿಂದ ನಾನೂ ಅಮ್ಮನೂ ಸರಿಯಾಗಿ ಮಾತಾಡಿರಲಿಲ್ಲ.

ಕಾರಣ ನನ್ನ ತಮ್ಮ ವಿಠ್ಠಲ. ನಗರದಂಚಿನ ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು ಎಣ್ಣೆ ಹಡಗು ಹತ್ತಿದವನು. ಹನ್ನೆರಡು ವರ್ಷದ ಹಿಂದೆ ಮಾಘ ಮಾಸದಲ್ಲಿ, ಆಫ್ರಿಕದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯಲ್ಲಿ ಹಡಗು ಸಾಗುತ್ತಿದ್ದಾಗ, ಬೆಳಗಿನ ಪಾಳಿಗೆ ಅವನು ಎಂಜಿನ್ ಕೋಣೆಗೆ ಬರಲಿಲ್ಲ. ಹಡಗಿನಲ್ಲಿ ಎಲ್ಲೂ ಇರಲಿಲ್ಲ. ಅಷ್ಟನ್ನೇ ಒಂದು ಕಾಗದದಲ್ಲಿ ಬರೆದು ಕಳಿಸಿದರು. ಯಾವ ಹೊತ್ತು, ಯಾವ ಜಾಗ, ಒಂದೂ ಇಲ್ಲ. ದೇಹ ಸಿಗಲಿಲ್ಲ.

ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯಲ್ಲಿ ಅವನ ಆಕೃತಿ ಮಾಡಿ ಸುಟ್ಟು ಕರ್ಮ ಮಾಡಬೇಕು ಎಂಬುದು ನಮ್ಮಲ್ಲಿ ನಡೆದುಕೊಂಡು ಬಂದ ಕ್ರಮ. ಈ ವರ್ಷ ಹನ್ನೆರಡು ತುಂಬಿತು. ಅಮ್ಮನಿಗೆ ಎಪ್ಪತ್ತನಾಲ್ಕು, ಎದೆಯಲ್ಲಿ ಒಮ್ಮೆ ನೋವು ಬಂದು ಹೋಗಿದೆ. ಪಕ್ಷಮಾಸದಲ್ಲಿ, ಅಂದರೆ ಪಿತೃಪಕ್ಷದಲ್ಲಿ, ಅದನ್ನು ಮುಗಿಸಿಬಿಡಬೇಕು ಎಂದು ಹಟ ಹಿಡಿದಳು. ಚಿಕ್ಕಪ್ಪನ ಮಗ ಗುರುಚರಣ ಕರ್ಮಕ್ಕೆ ಕೂರಲು ಒಪ್ಪಿದ.

“ನಾನು ಹೋಗೋ ಮುಂಚೆ ಅವನನ್ನ ಅವರಪ್ಪನ ಹತ್ರ ಸೇರಿಸಿಬಿಡ್ಬೇಕು ಕಣೆ” ಎಂದಳು ಅಮ್ಮ.

“ಅವನು ಸತ್ತ ಅಂತ ಯಾರು ಹೇಳಿದ್ರು ನಿಂಗೆ? ಪ್ರೂಫ್ ಎಲ್ಲಿದೆ?” ಎಂದೆ ನಾನು. “ಬದುಕಿರೋನನ್ನ ಹುಲ್ಲಲ್ಲಿ ಮಾಡಿ ಸುಡ್ತೀಯಾ?”

ಅವತ್ತಿನಿಂದ ಅಮ್ಮ ನನಗೆ ಮಾತಿಲ್ಲದೆ ಊಟ ಬಡಿಸುತ್ತಿದ್ದಳು.

ಆಗಸ್ಟ್ ಮೊದಲ ವಾರ ಒಂದು ಮಧ್ಯಾಹ್ನ ಕಚೇರಿಯಲ್ಲಿ ಸುರೇಶ ನನ್ನನ್ನು ಕೂಗಿದ. ಮಂಡ್ಯ ಕಡೆಯವನು, ಚೆನ್ನೈಗೆ ಬಂದು ಎರಡು ವರ್ಷವಾಗಿದೆ. ಮುಚ್ಚಿಹೋದ ತಾಣಗಳನ್ನು ಜನ ಈಗಲೂ ಹುಡುಕುತ್ತಾರೆಯೇ ಎಂದು ತೋರಿಸುವ ಭೂಪಟವೊಂದನ್ನು ಯಾರೋ ಕೇಳಿದ್ದರು. ಅದನ್ನು ಅವನು ಮಾಡುತ್ತಿದ್ದ. ತಾಣ ಇಲ್ಲದಿದ್ದರೂ ಯಾರಾದರೂ ಅದನ್ನು ತೆರೆಯಲು ನೋಡಿದರೆ ಆ ಪ್ರಯತ್ನ ಎಲ್ಲೋ ಒಂದು ಕಡೆ ದಾಖಲಾಗುತ್ತದೆ. ಅಂಥ ದಾಖಲೆಗಳನ್ನು ನಾವು ಕೊಳ್ಳುತ್ತೇವೆ.

“ಒಂಚೂರು ಇಲ್ಲಿ ನೋಡಿ ಮೇಡಂ. ಸಮುದ್ರದ ಮಧ್ಯ ಯಾವ್ದೋ ಬಣ್ಣ ಬಿದ್ದೈತೆ.”

ಗಿನಿ ಕೊಲ್ಲಿಯ ನೀಲಿ ನೀರಿನ ಮೇಲೆ ಇಟ್ಟಿಗೆ ಬಣ್ಣದ ಒಂದು ಚುಕ್ಕೆ ಇತ್ತು. ನಾನು ನಕ್ಕೆ. ಭೂಮಧ್ಯರೇಖೆಯೂ ರೇಖಾಂಶದ ಸೊನ್ನೆ ಗೆರೆಯೂ ಕೂಡುವ ಜಾಗ ಅದು. ಫೋನು ತಾನೆಲ್ಲಿದ್ದೇನೆಂದು ಹೇಳದೆ ಹೋದರೆ ಕಂಪ್ಯೂಟರು ಎರಡು ಕಡೆಗೂ ಸೊನ್ನೆ ಬರೆದುಬಿಡುತ್ತದೆ. ಹಾಗಾಗಿ ಲೋಕದಲ್ಲಿ ಎಲ್ಲಿಯದೆಂದು ತಿಳಿಯದ ದಾಖಲೆಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಈ ಕಸುಬಿನವರು ಅದನ್ನು ಸೊನ್ನೆ ದ್ವೀಪ ಎನ್ನುತ್ತೇವೆ. ಅಲ್ಲಿ ದ್ವೀಪವೂ ಇಲ್ಲ, ಮಣ್ಣೂ ಇಲ್ಲ.

“ಅದು ಕಸ ಸುರೇಶ್. ತೆಗೆದುಬಿಡಿ.”

“ತೆಗೀತೀನಿ. ಆದ್ರೆ ವರ್ಷಕ್ಕೊಂದೇ ಬರ್ತಾ ಐತಲ್ಲ ಮೇಡಂ? ಒಂಬತ್ತು ವರ್ಷಕ್ಕೆ ಒಂಬತ್ತೇ ಸಾಲು. ಕಸ ಅಂದ್ರೆ ಸಾವಿರಗಟ್ಟಲೆ ಇರ್ಬೇಕಿತ್ತು. ತಾಣದ ಹೆಸ್ರು ಏನೋ ಕುಟ್ಟಿಚುವರ್ ಅಂತೆ.”

ನನ್ನ ನಗು ನಿಂತಿತು. ಕುಟ್ಟಿಚುವರ್ ಎಂದರೆ ಬೀದಿಯ ಮೂಲೆಯಲ್ಲಿ ಹುಡುಗರು ಕೂತು ಹರಟುವ ಮುರುಕು ಗೋಡೆ. ಆ ಹೆಸರಿನಲ್ಲಿ ಚೆನ್ನೈನ ನಾಲ್ಕು ಜನ ಸೇರಿ ಒಂದು ತಾಣ ಮಾಡಿದ್ದರು. ನಮ್ಮ ಕಾಲೇಜಿನ ಕಾಲಕ್ಕೆ ಎಲ್ಲರೂ ಅದರಲ್ಲೇ ಇದ್ದೆವು. ವಿಠ್ಠಲ ಯಾವ ಬಂದರಿಗೆ ಹೋದರೂ ಮೊದಲು ಅಲ್ಲಿಗೆ ಬಂದು ನನ್ನ ಪುಟದಲ್ಲಿ ಏನಾದರೂ ಬರೆಯುತ್ತಿದ್ದ. ಅದು ಮುಚ್ಚಿ ಹತ್ತು ವರ್ಷವಾಗಿತ್ತು.

ದಾಖಲೆಯಲ್ಲಿ ಜನರ ಹೆಸರು ನೋಡಬಾರದೆಂದು ನಮ್ಮಲ್ಲಿ ನಿಯಮವಿದೆ. ನನ್ನ ಮೇಜಿಗೆ ಬಂದು ನೋಡಿದೆ. ಒಂಬತ್ತು ಸಾಲಿನಲ್ಲೂ ಒಂದೇ ಖಾತೆ: ವಿಠ್ಠಲ ಮಾಂಬಲಂ. ಆ ಖಾತೆಯ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು. ಸುರೇಶ ನನ್ನ ಮುಖ ನೋಡಿ ನೀರು ತಂದುಕೊಟ್ಟ.

ಅವತ್ತು ಸಂಜೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಾಳೆಯಲ್ಲಿ ಆ ತಾರೀಖುಗಳನ್ನು ಬರೆದುಕೊಂಡು ಮನೆಗೆ ಓಡಿದೆ. ಜಗಳದಲ್ಲಿ ಗೆದ್ದವಳ ಹಾಗೆ ಅಮ್ಮನ ಮುಂದೆ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಎರಡು ಸಾವಿರದ ಹದಿನಾರು, ಸೆಪ್ಟೆಂಬರ್ ಆರು. ಹದಿನೇಳು, ಆಗಸ್ಟ್ ಇಪ್ಪತ್ತಾರು. ಹದಿನೆಂಟು, ಸೆಪ್ಟೆಂಬರ್ ಹದಿನಾಲ್ಕು. ಹತ್ತೊಂಬತ್ತು, ಸೆಪ್ಟೆಂಬರ್ ಮೂರು. ನನಗೆ ಈ ತಾರೀಖುಗಳಲ್ಲಿ ಯಾವ ಕ್ರಮವೂ ಕಂಡಿರಲಿಲ್ಲ. ಅಮ್ಮ ನಾಲ್ಕನೆಯದಕ್ಕೇ ಹಾಳೆ ಕೆಳಗಿಟ್ಟಳು.

“ಎಲ್ಲಾ ಚೌತಿ ಮರುದಿನ ಕಣೆ.” ಅವಳು ಕನ್ನಡಕ ತೆಗೆದಳು. “ನಿಮ್ಮಪ್ಪನ ತಿಥಿ.”

ಕ್ಯಾಲೆಂಡರಿನಲ್ಲಿ ಹುಡುಕಿದೆ. ಒಂಬತ್ತಕ್ಕೆ ಒಂಬತ್ತೂ ಸರಿಯಾಗಿತ್ತು. ಅಪ್ಪ ವಿಷ್ಣುತೀರ್ಥರು ಪೆರಂಬೂರಿನ ಕೋಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮರುವರ್ಷವೇ, ಗಣೇಶನ ಹಬ್ಬದ ಮರುದಿನ ತೀರಿಕೊಂಡವರು. ಗಂಟೆಯೂ ಪ್ರತಿ ವರ್ಷ ಸುಮಾರು ಒಂದೇ: ಮಧ್ಯಾಹ್ನ ಹನ್ನೆರಡೂ ಮುಕ್ಕಾಲರಿಂದ ಒಂದರೊಳಗೆ, ನಮ್ಮ ಮನೆಯಲ್ಲಿ ಬ್ರಾಹ್ಮಣರಿಗೆ ಎಲೆ ಹಾಕುವ ಹೊತ್ತು. ಹಡಗಿನಲ್ಲಿದ್ದಾಗಲೂ ವಿಠ್ಠಲ ಅದೇ ಹೊತ್ತಿಗೆ ನನ್ನ ಪುಟಕ್ಕೆ ಬಂದು, ‘ಎಲೆ ಹಾಕಿದ್ರಾ? ವಡೆ ಎಷ್ಟು ಬಾಕಿ ಇದೆ?’ ಎಂದು ಕೇಳುತ್ತಿದ್ದ.

“ನೋಡಿದ್ಯಾ? ಇದು ಪ್ರೂಫ್” ಎಂದೆ. “ಎಲ್ಲೋ ಇದಾನೆ. ಯಾಕೋ ಬರಕ್ಕೆ ಆಗ್ತಿಲ್ಲ. ಅಪ್ಪನ ತಿಥಿ ಮಾತ್ರ ಮರೆತಿಲ್ಲ.”

ಅಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ತಾನೇ ಗುರುಚರಣನಿಗೆ ಫೋನ್ ಮಾಡಿ, ಪಕ್ಷಮಾಸದ ಕರ್ಮ ಬೇಡವೆಂದು ಹೇಳಿದಳು. ಮರುದಿನದಿಂದ ಅವಳು ಬೇರೆ ಮನುಷ್ಯಳೇ ಆದಳು. ಹತ್ತಿರದ ಅಂಗಡಿಗೂ ಆಟೋ ಬೇಡವೆಂದು ನಡೆದುಹೋದಳು. ವಿಠ್ಠಲನ ಶರ್ಟುಗಳನ್ನು ಬಿಸಿಲಿಗೆ ಹಾಕಿದಳು. ನಾನು ನೋಡಿ ಸಂತೋಷಪಟ್ಟೆ. ಒಳಗೆ ಎಲ್ಲೋ ಒಂದು ಕಡೆ ಹೆದರಿಕೆಯೂ ಇತ್ತು. ಸೊನ್ನೆ ದ್ವೀಪದಲ್ಲಿ ಯಾರೂ ಇರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ವರ್ಷ ಅಪ್ಪನ ತಿಥಿ ಆಗಸ್ಟ್ ಇಪ್ಪತ್ತೆಂಟಕ್ಕೆ ಬಂತು. ಹಿಂದಿನ ದಿನದ ಮಣ್ಣಿನ ಪಿಳ್ಳೈಯಾರ್ ಗಣಪತಿಗಳೂ ಬಣ್ಣದ ಕಾಗದದ ಕೊಡೆಗಳೂ ಸ್ಟೇಷನ್ ರಸ್ತೆಯಲ್ಲಿ ಇನ್ನೂ ಮಿಕ್ಕಿದ್ದವು. ನಾನು ರಜೆ ಹಾಕಿದ್ದೆ. ಅಮ್ಮ ಬೆಳಗಿನಿಂದ ಮಡಿಯುಟ್ಟು ವಡೆ, ಅತಿರಸ, ರವೆ ಉಂಡೆ ಎಲ್ಲ ಒಬ್ಬಳೇ ಮಾಡಿದಳು. ಮಡಿಯಲ್ಲಿರುವಾಗ ಅವಳು ನನ್ನನ್ನು ಸಹ ಮುಟ್ಟುವುದಿಲ್ಲ. ನಾನು ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತಿರಬೇಕು. ನಡುಮನೆಯಲ್ಲಿ ಗುರುಚರಣ ಕೂತು ಶ್ರಾದ್ಧ ಮಾಡುತ್ತಿದ್ದ. ಎಲೆ ಹಾಕುವ ಹೊತ್ತಾಯಿತು. ಅಮ್ಮ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಉಗ್ರಾಣದ ಕೋಣೆಗೆ ಹೋದೆ.

ಅಮ್ಮ ನನಗೆ ಬೆನ್ನು ಹಾಕಿ, ಅಕ್ಕಿ ಡಬ್ಬದ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು. ಡಬ್ಬದ ಮುಚ್ಚಳದ ಮೇಲೆ ಒಂದು ಹಳೆಯ ಗುಂಡಿಯ ಫೋನು, ಪಕ್ಕದಲ್ಲಿ ಚಾರ್ಜರಿನ ವೈರು. ಮಡಿಯಲ್ಲಿ ಕೈ ಸೋಕಬಾರದೆಂದು ಮರದ ಸೌಟಿನ ಹಿಡಿಯಿಂದ ಅದರ ಒಂದು ಗುಂಡಿಯನ್ನು ಒತ್ತಿದಳು. ಪರದೆಯಲ್ಲಿ ಇಟ್ಟಿಗೆ ಬಣ್ಣ ಮೂಡಿತು. ಅದರ ನಡುವೆ ವಿಠ್ಠಲನ ಚಿಕ್ಕ ಫೋಟೋ.

ಹೊಸದು ಕೊಂಡಾಗ ಅವನು ಮನೆಯಲ್ಲೇ ಬಿಟ್ಟುಹೋಗಿದ್ದ ಫೋನು ಅದು. ಅವನ ಖಾತೆ ಅದರಲ್ಲಿ ತೆರೆದೇ ಇತ್ತು, ತಾಣ ಮುಚ್ಚಿದ್ದರೂ ಅವನ ಪುಟದ ಹಳೆಯ ಪ್ರತಿ ಅದರೊಳಗೆ ಉಳಿದಿತ್ತು. ನಮ್ಮ ಮನೆಯ ವೈಫೈಯನ್ನು ಅದು ಇನ್ನೂ ಮರೆತಿರಲಿಲ್ಲ. ತಾನೆಲ್ಲಿದ್ದೇನೆಂದು ಹೇಳುವ ಶಕ್ತಿ ಮಾತ್ರ ಆ ಮುದಿ ಫೋನಿಗೆ ಉಳಿದಿರಲಿಲ್ಲ.

“ಅಮ್ಮಾ.”

ಅವಳು ಬೆಚ್ಚಿ ತಿರುಗಿದಳು. ಆಮೇಲೆ ಕಳ್ಳ ಸಿಕ್ಕಿಬಿದ್ದ ಹಾಗೆ ನಕ್ಕಳು. “ವರ್ಷಕ್ಕೊಂದು ಸಲ ಕಣೆ. ಅವರಪ್ಪಂಗೆ ಎಲೆ ಹಾಕೋ ಮುಂಚೆ ಅವನ ಮುಖ ನೋಡ್ಕೊಂಡು, ‘ಬಾರೋ ಕಣ್ಣಾ, ಎಲೆ ಹಾಕ್ತಾ ಇದೀವಿ’ ಅಂತ ಕೂಗ್ತೀನಿ. ಒಂದು ಗುಂಡಿ ಒತ್ತಿದ್ರೆ ಸಾಕು, ಬಂದ್ಬಿಡತ್ತೆ. ಬೇರೆ ಒಂದೂ ನಂಗೆ ತೆರಿಯಾದು, ಗೊತ್ತೇ ಇಲ್ಲ. ಚಾರ್ಜ್ ಮುಗಿದು ತಾನೇ ಆರಿಹೋಗತ್ತೆ.”

ನಾನು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಅಮ್ಮ ತಟ್ಟಿದ ಬಾಗಿಲಿನ ಸದ್ದನ್ನೇ ನಾನು ಮಗ ತಟ್ಟಿದ ಸದ್ದೆಂದು ತಂದು ಅವಳಿಗೇ ಕೇಳಿಸಿದ್ದೆ. ಅವಳು ಕಷ್ಟಪಟ್ಟು ಗಟ್ಟಿಮಾಡಿಕೊಂಡಿದ್ದ ಮನಸ್ಸನ್ನು ಒಡೆದಿದ್ದೆ. ಶರ್ಟುಗಳನ್ನು ಬಿಸಿಲಿಗೆ ಹಾಕಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಸಾಲುಗಳನ್ನಾದರೂ ಅಳಿಸಿಬಿಡೋಣ, ಸುರೇಶನ ಭೂಪಟದಲ್ಲಿ ನಮ್ಮಮ್ಮನ ಸಂಕಟ ಚುಕ್ಕೆಯಾಗಿ ಕೂರುವುದು ಬೇಡ ಎಂದು ಲ್ಯಾಪ್‌ಟಾಪ್ ತೆರೆದೆ. ಅಳಿಸಬೇಕಾದರೆ ಮೂಲ ದಾಖಲೆಗೇ ಹೋಗಬೇಕು. ನಾವು ದಿನಾ ನೋಡುವುದು ತೊಳೆದ ಪಟ್ಟಿ. ಒಂದೇ ಖಾತೆಯಿಂದ ಒಂದು ಗಂಟೆಯೊಳಗೆ ಎಷ್ಟು ಸಲ ತಟ್ಟಿದರೂ ಒಂದೇ ಎಂದು ಎಣಿಸಬೇಕು, ಜಾಗದ ಅಂಕಿಯಲ್ಲಿ ದಶಾಂಶ ಬಿಟ್ಟು ಪೂರ್ಣ ಡಿಗ್ರಿ ಮಾತ್ರ ಉಳಿಸಬೇಕು. ಈ ನಿಯಮಗಳನ್ನು ಬರೆದವಳು ನಾನೇ. ಮೂಲದಲ್ಲಿ ಎಲ್ಲವೂ ಇದ್ದ ಹಾಗೇ ಇರುತ್ತದೆ.

ಮೂಲದಲ್ಲಿ ವರ್ಷಕ್ಕೆ ಎರಡು ಸಾಲು ಇದ್ದವು.

ಮೊದಲನೆಯದು ಅಮ್ಮನದು: ವಿಠ್ಠಲನ ಖಾತೆ, ವಿಠ್ಠಲನದೇ ಪುಟ, ಜಾಗ ಸೊನ್ನೆ ಸೊನ್ನೆ. ಎರಡನೆಯದು ಅದಾದ ನಾಲ್ಕು ನಿಮಿಷಕ್ಕೆ. ಅದೇ ಖಾತೆ. ಬೇರೆ ಫೋನು. ಕೇಳಿದ ಪುಟ ನನ್ನದು. ಜಾಗ ಸೊನ್ನೆಯಲ್ಲ, ಭೂಮಧ್ಯರೇಖೆಯಿಂದ ಸ್ವಲ್ಪ ಉತ್ತರಕ್ಕೆ, ಸೊನ್ನೆ ಗೆರೆಯಿಂದ ಸ್ವಲ್ಪ ಪೂರ್ವಕ್ಕೆ, ದಶಾಂಶದ ನಂತರ ನಾಲ್ಕು ಅಂಕಿಗಳು. ಮುಂದಿನ ವರ್ಷದ್ದನ್ನು ನೋಡಿದೆ. ಅದೇ ನಾಲ್ಕು ಅಂಕಿ. ಅದರ ಮುಂದಿನ ವರ್ಷ, ಅದೇ. ಒಂಬತ್ತು ವರ್ಷವೂ ಅದೇ.

ನೀರಿನ ಮೇಲೆ ಯಾವ ಹಡಗೂ, ಯಾವ ದೋಣಿಯೂ, ಯಾವ ಮನುಷ್ಯನೂ ಒಂಬತ್ತು ವರ್ಷ ಒಂದೇ ಜಾಗದಲ್ಲಿ ಇರಲಾರ. ಅಲೆ ಅರ್ಧ ಗಳಿಗೆಯೂ ಸುಮ್ಮನೆ ಬಿಡುವುದಿಲ್ಲ. ಒಂದು ಕೂದಲೆಳೆಯಷ್ಟೂ ಕದಲದೆ ಇರಬೇಕಾದರೆ ನೀರಿನ ಮೇಲೆ ಇರಬಾರದು, ನೀರಿನ ಕೆಳಗೆ ನೆಲದ ಮೇಲೆ ಇರಬೇಕು.

ಇವತ್ತಿನ ದಾಖಲೆ ಬರಲು ಅರ್ಧ ಗಂಟೆ ಹಿಡಿಯುತ್ತದೆ. ಹೊರಗೆ ಮಂತ್ರ ಕೇಳುತ್ತಿತ್ತು, ತುಪ್ಪದ ವಾಸನೆ ಬರುತ್ತಿತ್ತು. ಬಾರದಿರಲಿ ದೇವರೇ ಎಂದು ಕೇಳಿಕೊಂಡೆ; ಬರಲಿ ಎಂದೂ ಕೇಳಿಕೊಂಡೆ. ಬಂತು. ಹನ್ನೆರಡು ಐವತ್ತೆರಡಕ್ಕೆ ಅಮ್ಮ. ಹನ್ನೆರಡು ಐವತ್ತಾರಕ್ಕೆ ಅದೇ ನಾಲ್ಕು ಅಂಕಿ, ನನ್ನ ಪುಟ. ಪುಟ ತೆರೆಯಲಾಗಲಿಲ್ಲ ಎಂದು ಪಕ್ಕದಲ್ಲಿ ಬರೆದಿತ್ತು.

ಹನ್ನೆರಡು ವರ್ಷದಲ್ಲಿ ನಾನು ಒಂದು ದಿನವಾದರೂ ಅವನ ಪುಟವನ್ನು ತೆರೆದು ನೋಡಿರಲಿಲ್ಲ. ಪ್ರೂಫ್ ಕೇಳುವುದರಲ್ಲೇ ಇದ್ದೆ. ಅವನು ಮಾತ್ರ ಪ್ರತಿ ವರ್ಷ ಬಂದು ನನ್ನನ್ನು ಕೇಳಿಕೊಂಡು ಹೋಗುತ್ತಿದ್ದ.

ಬ್ರಾಹ್ಮಣರು ಊಟ ಮುಗಿಸಿ ದಕ್ಷಿಣೆ ತೆಗೆದುಕೊಂಡು ಹೊರಟರು. ಗುರುಚರಣನೂ ಹೊರಟ. ಮೂರು ಗಂಟೆಗೆ ಅಮ್ಮ ಅಡುಗೆಮನೆಯ ಹೊಸ್ತಿಲ ಒಳಗೆ ಕೂತಳು, ಇನ್ನೂ ಉಂಡಿರಲಿಲ್ಲ. ಮುಖ ದಣಿದಿದ್ದರೂ ಕಣ್ಣು ಹೊಳೆಯುತ್ತಿತ್ತು.

“ಏನೇ, ಈ ವರ್ಷವೂ ಬಂದ್ನಾ?”

ಸುಳ್ಳು ಹೇಳಬಹುದಾಗಿತ್ತು. ಬಂದ ಅಮ್ಮ, ಎಲ್ಲೋ ಇದ್ದಾನೆ ಎಂದರೆ ಮುಗಿಯುತ್ತಿತ್ತು, ಅವಳು ಶರ್ಟುಗಳಿಗೆ ಇಸ್ತ್ರಿ ಹಾಕಿಕೊಂಡು ಕಾಯುತ್ತಿದ್ದಳು. ನನಗೆ ಆಗಲಿಲ್ಲ. ಹೊಸ್ತಿಲ ಹೊರಗೆ ಕೂತು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದೆ. ಮೊದಲು ಅವಳ ಸಾಲು ತೋರಿಸಿದೆ, ನಾನು ಮಾಡಿದ ತಪ್ಪು ಹೇಳಿದೆ. ಆಮೇಲೆ ಎರಡನೆಯ ಸಾಲು, ನಾಲ್ಕು ನಿಮಿಷ, ಕದಲದ ಅಂಕಿಗಳು. ಅವಳು ಅಳಲಿಲ್ಲ. ಭೂಪಟದ ನೀಲಿಯ ಮೇಲೆ ಕಣ್ಣಿಟ್ಟು ಕೂತಳು.

“ಅಲ್ಲಿ ನೀರು ಎಷ್ಟು ಆಳ?”

“ಐದು ಸಾವಿರ ಮೀಟರ್ ಹತ್ರ ಹತ್ರ.”

“ನಂಗೆ ತಿಳಿಯೋ ಹಾಗೆ ಹೇಳು.”

“ನಮ್ಮ ಮಾಂಬಲಂ ಸ್ಟೇಷನ್ನಿಂದ ಗಿಂಡಿ ದಾಟಿ ಹೋದ್ರೆ ಎಷ್ಟೋ ಅಷ್ಟು. ನೇರ ಕೆಳಕ್ಕೆ.”

ಅಮ್ಮ ತಲೆಯಾಡಿಸಿದಳು.

“ಅಷ್ಟು ಆಳದಿಂದ ಹತ್ಕೊಂಡು ಬರ್ತಾನಾ, ನಾನು ಕರೆದೆ ಅಂತ? ನಾಲ್ಕು ನಿಮಿಷದಲ್ಲಿ? ಪಾವಂ, ಚಿಕ್ಕೋನಿದ್ದಾಗಲೂ ಹಾಗೇ, ಒಂದು ಸಲ ಕೂಗಿದ್ರೆ ಸಾಕು ಓಡಿ ಬರ್ತಿದ್ದ. ಬಂದು, ಬಾಗಿಲು ಹಾಕಿರೋದು ನೋಡಿ, ಮತ್ತೆ ಅಷ್ಟು ದೂರ ಇಳಿದು ಹೋಗ್ತಾನೆ. ವರ್ಷಾವರ್ಷ ನಾನೇ ಎಬ್ಬಿಸಿದೀನಲ್ಲೇ ಅವನನ್ನ. ಮಲಗಕ್ಕೇ ಬಿಟ್ಟಿಲ್ಲ.”

ನಾನು ಜೋರಾಗಿ ಅತ್ತುಬಿಟ್ಟೆ. ಅವನು ಕೇಳಿದ್ದು ನನ್ನ ಪುಟ, ಒಂದು ಸಲವಾದರೂ ಉತ್ತರ ಹೇಳಬೇಕು ಎಂದು ಉಗ್ರಾಣಕ್ಕೆ ಓಡಿ ಆ ಫೋನು ತಂದೆ. ಇನ್ನೂ ಆರಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟೆ. ಎಲೆ ಹಾಕಿದೆವು ಕಣೋ, ವಡೆ ಮಿಕ್ಕಿದೆ ಎಂದು ಹೇಳಬೇಕಿತ್ತು, ಅಷ್ಟೇ.

ಅಮ್ಮ ಹೊಸ್ತಿಲು ದಾಟಿ ಬಂದು ನನ್ನ ಕೈ ಹಿಡಿದಳು. ಮಡಿಯಲ್ಲಿದ್ದವಳು, ಊಟವಾಗದವಳು, ಎರಡೂ ಕೈಯಿಂದ ನನ್ನ ಬೆರಳನ್ನು ಗುಂಡಿಯಿಂದ ಬಿಡಿಸಿದಳು.

“ಬೇಡ ಮಗು, ಒತ್ತಬೇಡ. ಈಗಷ್ಟೇ ಇಳಿದು ಹೋಗಿದಾನೆ.”

ಫೋನನ್ನು ಅವಳ ಕೈಗೆ ಕೊಟ್ಟೆ. ನನ್ನ ಫೋನಿನಿಂದ ಗುರುಚರಣನಿಗೆ ಕರೆ ಮಾಡಿ, ಪಕ್ಷಮಾಸದ ಕರ್ಮಕ್ಕೆ ದರ್ಭೆ ಹೇಳಿಡು ಎಂದೆ.